ವಂಶವಾಹಿ ಮತ್ತು ಹೃದಯ

ತಂದೆಯ ಮೂಗು, ತಾಯಿಯ ಕಣ್ಣು ಮಕ್ಕಳಲ್ಲಿ ಕಾಣಿಸಿಕೊಳ್ಳುವುದನ್ನು ಎಲ್ಲರೂ ಬಲ್ಲರು. ರೂಪದಂತೆಯೇ ಕೆಲವು ರೋಗಗಳೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆ. ಕೆಲವು ಮನೆತನಗಳಲ್ಲಿ ನಲವತ್ತು ತುಂಬುವುದರೊಳಗಾಗಿಯೇ ಹಲವರು ಹೃದಯಾಘಾತಕ್ಕೆ ತುತ್ತಾಗುವುದುಂಟು. ಇದನ್ನು ಹಣೆಬರಹವೆಂದು ಭಾವಿಸಿದವರು ಅನೇಕರು. ವಿಜ್ಞಾನವು ಇದರ ಕಾರಣವನ್ನು ಹುಡುಕಿತು.

ಕೊಲೆಸ್ಟರಾಲ್ ಎಂಬ ಮೇಣದಂತಹ ವಸ್ತು ದೇಹಕ್ಕೆ ಅವಶ್ಯಕವಾದುದೇ. ಅದಿಲ್ಲದೆ ಜೀವಕೋಶದ ಹೊರಪೊರೆ ರೂಪುಗೊಳ್ಳಲಾರದು. ಆದರೆ ರಕ್ತದಲ್ಲಿ ಅದು ಮಿತಿಮೀರಿದರೆ ಅಪಧಮನಿಗಳ ಒಳಗೋಡೆಯಲ್ಲಿ ಸಂಗ್ರಹವಾಗಿ, ರಕ್ತದ ದಾರಿಯನ್ನು ಕಿರಿದುಗೊಳಿಸುತ್ತದೆ. ಹೃದಯದ ಸ್ನಾಯುವಿಗೆ ರಕ್ತ ದೊರೆಯದಂತಾದಾಗ ಹೃದಯಾಘಾತ ಸಂಭವಿಸುತ್ತದೆ.

ಅಧಿಕ ಕೊಲೆಸ್ಟರಾಲ್ ಮತ್ತು ಹೃದ್ರೋಗ ಇವೆರಡೂ ಒಂದೇ ಕುಟುಂಬದಲ್ಲಿ ಜೊತೆಜೊತೆಯಾಗಿ ಬರುವುದನ್ನು ನಾರ್ವೆಯ ವೈದ್ಯ ಕಾರ್ಲ್ ಮುಲ್ಲರ್ 1930ರ ದಶಕದಲ್ಲಿ ಗುರುತಿಸಿದರು. ಇದರ ಒಳಗುಟ್ಟನ್ನು 1970ರ ದಶಕದಲ್ಲಿ ಬಿಡಿಸಿದವರು ಅಮೆರಿಕದ ಡಲ್ಲಾಸ್ ನಗರದ ವಿಜ್ಞಾನಿಗಳಾದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ಜೀವಕೋಶಗಳ ಮೇಲ್ಮೈಯಲ್ಲಿ ಗ್ರಾಹಕಗಳಿದ್ದು, ಅವು ಕೊಲೆಸ್ಟರಾಲನ್ನು ಹೊತ್ತ ಕಣಗಳನ್ನು ರಕ್ತದಿಂದ ಒಳಗೆ ಸೆಳೆದುಕೊಳ್ಳುತ್ತವೆ ಎಂದು ಅವರು ತೋರಿಸಿದರು. ಈ ಗ್ರಾಹಕವನ್ನು ನಿರ್ಮಿಸುವ ವಂಶವಾಹಿಯು ತಂದೆಯಿಂದೊಂದು, ತಾಯಿಯಿಂದೊಂದು ಬರುತ್ತದೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ಕೆಲಸ ಮಾಡುವ ಗ್ರಾಹಕಗಳು ಅರ್ಧದಷ್ಟಾಗುತ್ತವೆ. ಎರಡೂ ಕೆಟ್ಟಿದ್ದರೆ ಬಾಲ್ಯದಲ್ಲಿಯೇ ಹೃದಯಾಘಾತವಾಗಬಹುದು. ಈ ಸಂಶೋಧನೆಗಾಗಿ ಅವರಿಬ್ಬರಿಗೂ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಾರಣ ತಿಳಿದಂತೆ ಚಿಕಿತ್ಸೆಯ ದಾರಿಯೂ ಸ್ಪಷ್ಟವಾಯಿತು. ಜಪಾನಿನ ಅಕಿರಾ ಎಂಡೊ ಅವರು ಒಂದು ಬಗೆಯ ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಎಂಬ ವಸ್ತುವನ್ನು ಕಂಡುಹಿಡಿದಿದ್ದರು. ಸ್ಟ್ಯಾಟಿನ್ ಔಷಧಗಳು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ಉತ್ಪತ್ತಿಯನ್ನು ತಗ್ಗಿಸುತ್ತವೆ. ಆಗ ಯಕೃತ್ತು ತನ್ನ ಕೊರತೆಯನ್ನು ನೀಗಿಸಿಕೊಳ್ಳಲು, ಉಳಿದಿರುವ ಒಳ್ಳೆಯ ವಂಶವಾಹಿಯಿಂದ ಹೆಚ್ಚು ಗ್ರಾಹಕಗಳನ್ನು ನಿರ್ಮಿಸಿ, ರಕ್ತದಲ್ಲಿನ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. ಇಂತಹ ಮೊದಲ ಔಷಧವು 1987ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು.

ಆನುವಂಶಿಕ ರೋಗದಲ್ಲಿ ರೋಗಿ ಒಬ್ಬನೇ ಅಲ್ಲ. ಅವನ ಹಿಂದೆ ಒಂದು ಕುಟುಂಬವೇ ಇರುತ್ತದೆ. ಒಂದು ದೋಷಯುಕ್ತ ವಂಶವಾಹಿಯುಳ್ಳವರ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧದಷ್ಟು. ಆದುದರಿಂದ ಒಬ್ಬರಲ್ಲಿ ದೋಷ ಕಂಡುಬಂದೊಡನೆ ಅವರ ಒಡಹುಟ್ಟಿದವರ ಮತ್ತು ಮಕ್ಕಳ ರಕ್ತವನ್ನೂ ಪರೀಕ್ಷಿಸಬೇಕು. ನೆದರ್ಲೆಂಡ್ಸ್ ದೇಶದಲ್ಲಿ 1994ರಿಂದ ಈ ಕ್ರಮದಿಂದಲೇ ಸಾವಿರಾರು ಜನರನ್ನು ರೋಗ ತಲೆದೋರುವ ಮುನ್ನವೇ ಗುರುತಿಸಲಾಯಿತು. ಚಿಕ್ಕಂದಿನಿಂದಲೇ ಔಷಧ, ಹಿತಮಿತವಾದ ಆಹಾರ, ವ್ಯಾಯಾಮಗಳನ್ನು ಅನುಸರಿಸಿ, ಧೂಮಪಾನದಿಂದ ದೂರವಿರುವವರು ತಮ್ಮ ಹೃದಯವನ್ನು ಬಹುಕಾಲ ಕಾಪಾಡಿಕೊಳ್ಳಬಲ್ಲರು.

ಹುಟ್ಟಿನಿಂದ ಬಂದ ವಂಶವಾಹಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಆದರೆ ಅದು ನೀಡುವ ಮುನ್ಸೂಚನೆಯನ್ನು ಅರಿತು ಎಚ್ಚರಗೊಳ್ಳುವುದು ಮನುಷ್ಯನ ಕೈಯಲ್ಲಿದೆ.