15 ತಿಂಗಳಲ್ಲಿ ನರ್ಸ್: ಸೇರಲೋ, ಬೇಡವೋ?

ಮದುವೆಯಾಗಿ ಅಮೆರಿಕಕ್ಕೆ ಹೋದ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ‘ಆ್ಯಕ್ಸಿಲರೇಟೆಡ್ ನರ್ಸಿಂಗ್’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೈಯಲ್ಲಿರುವ ಡಿಗ್ರಿಯ ಮೇಲೆ ಒಂದೂಕಾಲು ವರ್ಷ ಓದಿದರೆ ಒಳ್ಳೆಯ ಸಂಬಳದ ಕೆಲಸ ಎನ್ನುತ್ತಾರೆ. ಆದರೆ ಹೂಂ ಅನ್ನುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಒಂದೆರಡಲ್ಲ.

ಡಿಗ್ರಿ ಮುಗಿಸಿ, ಒಂದೆರಡು ವರ್ಷ ಕೆಲಸವನ್ನೂ ಮಾಡಿ, ಮದುವೆಯಾದ ಮೇಲೆ ಗಂಡನ ಜೊತೆ ವಿಮಾನ ಹತ್ತಿದ ಹೆಣ್ಣುಮಕ್ಕಳು ಈಗ ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ನಿಮ್ಮ ತಂಗಿಯೋ, ಮಗಳೋ, ಸೊಸೆಯೋ ಇರಬಹುದು. ಮೊದಲ ವರ್ಷ ಹೊಸ ಊರು, ಹೊಸ ಮನೆ, ಡ್ರೈವಿಂಗ್ ಕಲಿಯೋದು ಅಂತ ಕಳೆದುಹೋಗುತ್ತೆ. ಆಮೇಲೆ ಮಗು. ಆ ಮಗು ಶಾಲೆಗೆ ಹೊರಟ ಮೇಲೆ ಮಧ್ಯಾಹ್ನ 3 ಗಂಟೆವರೆಗೂ ಮನೆ ಭಣಭಣ. ಆಗ ಶುರುವಾಗುತ್ತೆ ನೋಡಿ, ‘ನಾನು ಓದಿದ್ದು ಇಷ್ಟಕ್ಕೇನಾ?’ ಅನ್ನೋ ಪ್ರಶ್ನೆ. ಅಂಥ ಹೊತ್ತಿನಲ್ಲಿ ಯಾರೋ ಗೆಳತಿ ಈ ಕೋರ್ಸಿನ ಹೆಸರು ಹೇಳುತ್ತಾಳೆ.

ಏನಿದು ಕೋರ್ಸು?

ಬೇರೆ ಯಾವುದೋ ವಿಷಯದಲ್ಲಿ ಪದವಿ ಪಡೆದವರಿಗೆಂದೇ ಇರುವ ಬಿಎಸ್ಸಿ ನರ್ಸಿಂಗ್ ಇದು. ಮೊದಲು ಶುರುವಾಗಿದ್ದು 1971ರಲ್ಲಿ, ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ. ನಾಲ್ಕು ವರ್ಷದ ಓದನ್ನು 11ರಿಂದ 18 ತಿಂಗಳಿಗೆ ಇಳಿಸಿರುತ್ತಾರೆ. ನಮ್ಮಲ್ಲಿ ಬಿಎ, ಬಿಕಾಂ ಮಾಡಿದವರಿಗೆ ಇಂಥ ಹತ್ತಿರದ ದಾರಿ ಇಲ್ಲ. ಇಲ್ಲಿ ಬಿಎಸ್ಸಿ ನರ್ಸಿಂಗ್ ಎಂದರೆ ನಾಲ್ಕು ವರ್ಷವೇ.

ಕೋರ್ಸು ಮುಗಿದ ಮೇಲೆ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ. ಕಂಪ್ಯೂಟರಿನ ಮುಂದೆ ಐದು ಗಂಟೆವರೆಗೆ ಸಮಯ, 85ರಿಂದ 150 ಪ್ರಶ್ನೆಗಳು. 2023ರ ಏಪ್ರಿಲ್‌ನಿಂದ ಪ್ರಶ್ನೆಗಳ ಸ್ವರೂಪವೂ ಬದಲಾಗಿದೆ. ರೋಗಿಯ ಸ್ಥಿತಿ ನೋಡಿ ನೀವೇನು ನಿರ್ಧಾರ ಮಾಡುತ್ತೀರಿ ಅನ್ನುವುದರ ಮೇಲೆ ಹೆಚ್ಚು ಒತ್ತು. ಪಾಸಾಗಿ, ರಾಜ್ಯದ ನರ್ಸಿಂಗ್ ಮಂಡಳಿ ಲೈಸೆನ್ಸ್ ಕೊಟ್ಟರೆ ‘ಆರ್‌ಎನ್’, ಅಂದರೆ ನೋಂದಾಯಿತ ನರ್ಸ್.

ಮೊದಲ ಪ್ರಶ್ನೆ ವೀಸಾದ್ದು

ಎಷ್ಟೋ ಜನ ಕಾಲೇಜು ಹುಡುಕುವುದರಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಪಾಸ್‌ಪೋರ್ಟಿನಿಂದ. ಗಂಡನಿಗೆ ಎಚ್-1ಬಿ, ನಿಮಗೆ ಎಚ್-4 ಇದ್ದರೆ ಓದಲು ಅಡ್ಡಿಯಿಲ್ಲ. ಕೆಲಸ ಮಾಡುವುದಕ್ಕೆ ಮಾತ್ರ ಬೇರೆ ಪರವಾನಗಿ ಬೇಕು. ಗಂಡನ ಗ್ರೀನ್ ಕಾರ್ಡಿನ ‘ಐ-140’ ಅರ್ಜಿ ಮಂಜೂರಾಗಿದ್ದರೆ ಅಥವಾ ಅವರ ಎಚ್-1ಬಿ ಆರು ವರ್ಷದ ಮೇಲೂ ವಿಸ್ತರಣೆಯಾಗಿದ್ದರೆ ಹೆಂಡತಿ ಆ ಪರವಾನಗಿ ಕೇಳಬಹುದು. 2015ರ ಮೇ ತಿಂಗಳಲ್ಲಿ ಬಂದ ನಿಯಮ ಇದು.

ಅದಿಲ್ಲದವರ ಪಾಡು? ಡಿಗ್ರಿ ಗೋಡೆಗೆ, ನೀವು ಮನೆಗೆ! ಪರವಾನಗಿ ಇಲ್ಲದಿದ್ದರೆ ಎಚ್-4ನವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ. ಅದಿಲ್ಲದೆ ಕೆಲವು ರಾಜ್ಯಗಳಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವುದೇ ತೊಡಕು. ‘ಆಸ್ಪತ್ರೆಯವರೇ ಎಚ್-1ಬಿ ಮಾಡಿಸ್ತಾರೆ’ ಎಂಬ ಮಾತನ್ನು ನಂಬಿ ಕೂರಬೇಡಿ. ಆ ವೀಸಾ ಸಿಗಬೇಕಾದರೆ ಕೆಲಸಕ್ಕೆ ನಿರ್ದಿಷ್ಟ ವಿಷಯದ ಪದವಿ ಬೇಕೇಬೇಕು ಎಂದಿರಬೇಕು. ಎರಡು ವರ್ಷದ ಕೋರ್ಸು ಮಾಡಿದವರೂ ಆರ್‌ಎನ್ ಆಗಬಹುದಾದ್ದರಿಂದ ಸಾಮಾನ್ಯ ವಾರ್ಡ್ ನರ್ಸ್‌ಗೆ ಅದು ಸಿಗುವುದು ಅಪರೂಪ. ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡರೆ ಓದಿನ ನಂತರ 12 ತಿಂಗಳು ಕೆಲಸ ಮಾಡಬಹುದು. ಆದರೆ ಎಂಜಿನಿಯರಿಂಗ್‌ನವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನರ್ಸಿಂಗ್‌ಗೆ ಇಲ್ಲ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಫೀಸು ಕಟ್ಟುವ ಮುನ್ನ ವೀಸಾ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳುವುದು ಜಾಣತನ.

ನಮ್ಮ ಡಿಗ್ರಿ ಅಲ್ಲಿ ನಡೆಯುತ್ತಾ?

ನಮ್ಮ ಮೂರು ವರ್ಷದ ಬಿಎ, ಬಿಎಸ್ಸಿಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಅಂತ ಒಪ್ಪುವುದಿಲ್ಲ. ಬಿಇ ಮಾಡಿದವರಿಗೆ, ಎಂಎಸ್ಸಿಯೂ ಇರುವವರಿಗೆ ತೊಂದರೆ ಕಡಿಮೆ. ಮೌಲ್ಯಮಾಪನ ಸಂಸ್ಥೆಗೆ ಅಂಕಪಟ್ಟಿ ಕಳಿಸಿ, ವಿಷಯವಾರು ವರದಿ ತರಿಸಬೇಕು. ಟ್ರಾನ್ಸ್‌ಕ್ರಿಪ್ಟ್ ಮಾಮೂಲಾಗಿ ಇಲ್ಲಿನ ವಿಶ್ವವಿದ್ಯಾಲಯದಿಂದಲೇ ಹೋಗಬೇಕು. ಓಡಾಡುವವರು ಯಾರು? ಅಪ್ಪನೋ, ತಮ್ಮನೋ! ಅದಕ್ಕೇ ತಿಂಗಳುಗಳ ಮೊದಲೇ ಶುರು ಮಾಡಿ.

ಇನ್ನೊಂದು ಮಾತು. ಸೇರುವ ಮೊದಲೇ ಅಂಗರಚನೆ ಮತ್ತು ಶರೀರಕ್ರಿಯಾ ವಿಜ್ಞಾನದ ಎರಡು ಭಾಗ, ಮೈಕ್ರೋಬಯಾಲಜಿ, ರಸಾಯನಶಾಸ್ತ್ರ, ಸ್ಟಾಟಿಸ್ಟಿಕ್ಸ್, ಮನಃಶಾಸ್ತ್ರ ಇವೆಲ್ಲ ಮುಗಿದಿರಬೇಕು. ವಿಜ್ಞಾನದ ವಿಷಯಗಳನ್ನು ಕಳೆದ 5, 7 ಅಥವಾ 10 ವರ್ಷದೊಳಗೇ ಓದಿರಬೇಕೆಂದು ಹಲವು ಕಡೆ ಕೇಳುತ್ತಾರೆ. ಕಾಲೇಜು ಬಿಟ್ಟು 12 ವರ್ಷವಾದವರು ಕಮ್ಯುನಿಟಿ ಕಾಲೇಜಿನಲ್ಲಿ ಮತ್ತೆ ಇವನ್ನು ಓದಬೇಕಾಗುತ್ತೆ. ಅದಕ್ಕೆ ಎರಡು ಮೂರು ಸೆಮಿಸ್ಟರ್ ಹಿಡಿದರೆ, ಜಾಹೀರಾತಿನ 15 ತಿಂಗಳು ನಿಮ್ಮ ಪಾಲಿಗೆ ಎರಡೂವರೆ ವರ್ಷ!

ದುಡ್ಡಿನ ಲೆಕ್ಕ

ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು 50 ಸಾವಿರ ಡಾಲರ್ ದಾಟುವುದು ಸಾಮಾನ್ಯ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಡಿಮೆ, ಆದರೆ ಆ ರಾಜ್ಯದ ನಿವಾಸಿಗಳ ದರ ಎಚ್-4ನವರಿಗೆ ಸಿಗುತ್ತಾ ಅನ್ನೋದನ್ನ ವಿಚಾರಿಸಬೇಕು. ಎಚ್-4ನವರಿಗೆ ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾಸಾಲ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಸಾಲ ಉಂಟು. ಆದರೆ ಈಗಾಗಲೇ ಪದವಿ ಇರುವುದರಿಂದ ವಾಪಸು ಕೊಡಬೇಕಿಲ್ಲದ ‘ಪೆಲ್’ ಅನುದಾನ ಅವರಿಗೂ ಸಿಗುವುದಿಲ್ಲ.

ಗಳಿಕೆಯ ಕಡೆ ನೋಡಿದರೆ, ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಆರ್‌ಎನ್‌ಗಳ ಮಧ್ಯಮ ವಾರ್ಷಿಕ ವೇತನ 93,600 ಡಾಲರ್. ಅಂದರೆ ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ. ಹೊಸಬರಿಗೆ ಮೊದಲ ದಿನವೇ ಇಷ್ಟು ಅಂತ ಅಂದುಕೊಳ್ಳಬೇಡಿ.

ನಮ್ಮ ಪಕ್ಕದ ಮನೆಯವರ ಸೊಸೆ ನ್ಯೂಜೆರ್ಸಿಯಲ್ಲಿದ್ದಾಳೆ. ಆಕೆ ಈ ಲೆಕ್ಕವನ್ನೆಲ್ಲ ಹಾಕಿ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ನರ್ಸಿಂಗ್ ಕೋರ್ಸಿಗೆ ಸೇರಿಕೊಂಡಳು. ಫೀಸು ತೀರಾ ಕಡಿಮೆ, ಬರೆಯೋದು ಅದೇ ಎನ್‌ಕ್ಲೆಕ್ಸ್, ಸಿಗೋದು ಅದೇ ಲೈಸೆನ್ಸ್. ದೊಡ್ಡ ಆಸ್ಪತ್ರೆಗಳು ಪದವಿಯವರಿಗೆ ಮಣೆ ಹಾಕುವುದುಂಟು. ಅದಕ್ಕೆ ಅವಳ ಉತ್ತರ: ‘ಕೆಲಸಕ್ಕೆ ಸೇರ್ಕೊಂಡು ಆಮೇಲೆ ಆನ್‌ಲೈನ್‌ನಲ್ಲಿ ಡಿಗ್ರಿ ಮಾಡ್ಕೋತೀನಿ ಆಂಟಿ, ಸಾಲ ಅಂತೂ ಇರಲ್ಲ.’

ಮನೆ ಯಾರು ನೋಡ್ಕೋತಾರೆ?

ನನ್ನ ಚಿಕ್ಕಮ್ಮನ ಮಗಳದ್ದು ಬೇರೆ ಕಥೆ. ಟೆಕ್ಸಾಸ್‌ನಲ್ಲಿದ್ದಾಳೆ, ಎಂಎಸ್ಸಿ ಓದಿದ್ದಾಳೆ, ಕೆಲಸದ ಪರವಾನಗಿಯೂ ಇದೆ. ಸೀಟು ಸಿಕ್ಕ ಮೇಲೂ ಅವಳು ಎರಡು ವಾರ ಒದ್ದಾಡಿದಳು. ‘ಓದೋದಕ್ಕೆ ಹೆದರಿಕೆ ಇಲ್ಲ ಅಕ್ಕಾ. ಬೆಳಗ್ಗೆ ಐದೂವರೆಗೇ ಮನೆ ಬಿಡಬೇಕಂತೆ. ಮಗಳಿಗೆ ಜಡೆ ಹಾಕಿ ಬಸ್ಸಿಗೆ ಬಿಡೋರು ಯಾರು?’ ಅಂತ ಫೋನಿನಲ್ಲಿ ಕೇಳಿದಳು.

ಅವಳ ಚಿಂತೆ ಸುಳ್ಳಲ್ಲ. ಈ ಕೋರ್ಸಿನಲ್ಲಿ ರಜೆ ಕಡಿಮೆ. ವಾರಕ್ಕೆರಡು ಪರೀಕ್ಷೆ ಬಂದರೂ ಆಶ್ಚರ್ಯವಿಲ್ಲ. ಆಸ್ಪತ್ರೆ ತರಬೇತಿ 12 ಗಂಟೆಯ ಪಾಳಿ ಇರಬಹುದು. ಹಲವು ಕಡೆ ಪ್ರತಿ ವಿಷಯದಲ್ಲೂ ಶೇ 75ರಿಂದ 80 ಅಂಕ ಬರಲೇಬೇಕು. ಒಂದರಲ್ಲಿ ಹೋದರೆ ತಂಡದಿಂದಲೇ ಹಿಂದೆ ಬೀಳಬೇಕಾದೀತು. ‘ಓದುವಾಗ ಕೆಲಸಕ್ಕೆ ಹೋಗಬೇಡಿ’ ಎಂದು ಕಾಲೇಜಿನವರೇ ಹೇಳುತ್ತಾರೆ. ಮನೆಗೆಲಸವೂ ಕೆಲಸವೇ ಅಲ್ವೇ?

‘ಅಮ್ಮನ್ನ ಕರೆಸ್ಕೊಂಡ್ರಾಯ್ತು’ ಅನ್ನುವವರೇ ಹೆಚ್ಚು. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಅದನ್ನು ಮಗು ನೋಡಿಕೊಳ್ಳಲಿ ಅಂತ ಕೊಡುವುದೂ ಅಲ್ಲ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪ್ರಶ್ನೆ ಕೇಳಬಹುದು. ಅಮ್ಮ ಆರು ತಿಂಗಳು, ಅತ್ತೆ ಆರು ತಿಂಗಳು ಎಂದರೂ 15ರಲ್ಲಿ ಮೂರು ತಿಂಗಳು ಉಳಿದೇ ಉಳಿಯುತ್ತೆ. ಆದ್ದರಿಂದ ಗಂಡ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ‘ನಿನ್ನಿಷ್ಟ, ಸೇರು’ ಎಂದರೆ ಸಾಲದು. ಬೆಳಗಿನ ತಿಂಡಿ, ಶಾಲೆಯ ಬಸ್ಸು, ಮಗುವಿಗೆ ಜ್ವರ ಬಂದ ದಿನ ರಜೆ ಹಾಕುವುದು, ಇವನ್ನೆಲ್ಲ ಕೂತು ಬರೆದು ಹಂಚಿಕೊಳ್ಳಬೇಕು. ತಂಗಿಯ ಮನೆಯಲ್ಲಿ ಹಾಗೇ ಮಾಡಿದರು. ಅವಳ ಯಜಮಾನರು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡಲು ಆಫೀಸಿನಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಅವಳು ಅಡ್ವಾನ್ಸ್ ಕಟ್ಟಿದ್ದು.

‘ನರ್ಸ್ ಕೆಲಸಾನಾ?’

ಇದು ನಮ್ಮ ಕಡೆಯ ಪ್ರಶ್ನೆ. ತಂಗಿಯ ಅತ್ತೆಯೂ ದಾವಣಗೆರೆಯಿಂದ ಫೋನಿನಲ್ಲಿ, ‘ಇಷ್ಟು ಓದಿ ಬೇರೆಯವರ ಹೇಸಿಗೆ ಬಳಿಯೋಕೆ ಹೋಗ್ತೀಯೇನಮ್ಮಾ?’ ಎಂದರು. ‘ಮಾವಂಗೆ ಆಪರೇಷನ್ ಆದಾಗ ನೀವೂ ಅದನ್ನೇ ಮಾಡಿದ್ರಲ್ಲ ಅತ್ತೆ’ ಅಂದಳಂತೆ ಇವಳು. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಆದರೆ ಬೇರೆಯವರ ಬಾಯಿ ಮುಚ್ಚಿಸುವುದು ಬೇರೆ, ನಮ್ಮ ಮನಸ್ಸನ್ನು ಕೇಳಿಕೊಳ್ಳುವುದು ಬೇರೆ. ರೋಗಿಯ ಉಸಿರಾಟದಲ್ಲಿ ವ್ಯತ್ಯಾಸ ಕಂಡರೆ ಮೊದಲು ಗುರುತಿಸಬೇಕಾದವಳು ನರ್ಸ್. ಔಷಧಿಯ ಪ್ರಮಾಣ ತಪ್ಪಾಗದಂತೆ ನೋಡಿ ಕೊಡುವವಳೂ ಅವಳೇ. ಮೈ ಒರೆಸುವುದು, ಗಾಯ ತೊಳೆಯುವುದು, ಸಾವನ್ನು ಕಣ್ಣಾರೆ ಕಾಣುವುದು ಎಲ್ಲವೂ ಇದೆ. ಹೊಸಬರಿಗೆ ಸಾಮಾನ್ಯವಾಗಿ ರಾತ್ರಿ ಪಾಳಿಯೇ ಮೊದಲು. ವಾರಕ್ಕೆ 12 ಗಂಟೆಯ ಮೂರು ಪಾಳಿ, ನಾಲ್ಕು ದಿನ ಬಿಡುವು ಎಂಬುದು ಅನೇಕ ತಾಯಂದಿರಿಗೆ ಅನುಕೂಲವೂ ಹೌದು.

ಇಷ್ಟವೋ ಅಲ್ಲವೋ ತಿಳಿಯಲು ಒಂದು ದಾರಿಯಿದೆ. ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕಿಯಾಗಿ ಮೂರು ತಿಂಗಳು ಹೋಗಿ ಬನ್ನಿ. ಅಥವಾ ನರ್ಸ್ ಸಹಾಯಕಿಯ ಸಣ್ಣ ತರಬೇತಿ ಪಡೆಯಿರಿ. ಕೇಂದ್ರದ ನಿಯಮದಂತೆ ಅದಕ್ಕೆ ಕನಿಷ್ಠ 75 ಗಂಟೆ. ಅಷ್ಟರಲ್ಲಿ ನಿಮಗೇ ಗೊತ್ತಾಗುತ್ತೆ. ಬೇಡ ಅನಿಸಿದರೆ ಅದೂ ಲಾಭವೇ, ಸಾವಿರಾರು ಡಾಲರ್ ಉಳಿಯಿತು!

ಬೇಗ ಮುಗಿಯುತ್ತೆ ಅನ್ನೋದೊಂದೇ ಸೇರಲು ಕಾರಣವಾಗಬಾರದು. ಮುಗಿದ ಮರುದಿನ ಕೆಲಸಕ್ಕೆ ಹೋಗುವ ಹಕ್ಕು, ಆ ಕೆಲಸದ ಮೇಲೆ ಮನಸ್ಸು, ಮನೆಯವರ ಕೈಜೋಡಣೆ, ಈ ಮೂರೂ ಇದ್ದರೆ ಧೈರ್ಯವಾಗಿ ಸೇರಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಒಂದು ವರ್ಷ ತಡೆಯಿರಿ. ಆ ವರ್ಷದಲ್ಲಿ ಬೇಕಾದ ವಿಷಯಗಳನ್ನು ಓದಿಕೊಂಡರೆ ಅದೂ ದಂಡವಲ್ಲ. ಇನ್ನು ಇಲ್ಲಿರುವ ಅಮ್ಮಂದಿರೇ, ಅತ್ತೆಯಂದಿರೇ, ಮಗಳು ಫೋನ್ ಮಾಡಿದಾಗ ‘ಈಗ್ಯಾಕೆ ಓದು?’ ಅನ್ನಬೇಡಿ. ‘ವೀಸಾ ವಿಚಾರಿಸಿದ್ಯಾ?’ ಅಂತ ಕೇಳಿ.

ಅಡ್ವಾನ್ಸ್ ಕಟ್ಟುವ ಮುನ್ನ

* ಕೋರ್ಸಿಗೆ ರಾಜ್ಯ ನರ್ಸಿಂಗ್ ಮಂಡಳಿಯ ಒಪ್ಪಿಗೆ ಇದೆಯೇ? ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯೇ?

* ಮೊದಲ ಯತ್ನದಲ್ಲೇ ಎನ್‌ಕ್ಲೆಕ್ಸ್ ಪಾಸಾದವರು ಶೇಕಡ ಎಷ್ಟು? ಅರ್ಧಕ್ಕೆ ಬಿಟ್ಟವರು ಎಷ್ಟು? ಎರಡನ್ನೂ ಕೇಳಿ.

* ಆಸ್ಪತ್ರೆ ತರಬೇತಿಯ ಜಾಗ ಮನೆಯಿಂದ ಎಷ್ಟು ದೂರ? ಅದನ್ನು ಕಾಲೇಜೇ ಹುಡುಕಿಕೊಡುತ್ತದೆಯೇ?

* ಲಸಿಕೆಗಳ ದಾಖಲೆ ಕೇಳುತ್ತಾರೆ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಕ್ಷಯದ ಚರ್ಮ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು. ಗಾಬರಿ ಬೇಡ, ರಕ್ತ ಪರೀಕ್ಷೆ ಮಾಡಿಸಲು ಕೇಳಿ.

* ನಡುವೆ ಬಿಡಬೇಕಾಗಿ ಬಂದರೆ ಫೀಸಿನಲ್ಲಿ ಎಷ್ಟು ವಾಪಸು? ಬರಹದಲ್ಲಿ ಪಡೆಯಿರಿ.