ಎರಡು ಪೈಯನ್ನೂ ಬಿಡದ ಬ್ಯಾಂಕು

ಅಕ್ಕ, ನಿಮ್ಮ ಅಜ್ಜಿ ರೊಕ್ಕ ಎಲ್ಲಿ ಇಡುತ್ತಿದ್ದಳು?

ಜೋಳದ ಗಡಿಗೆಯಲ್ಲಿ. ಸೆರಗಿನ ಗಂಟಿನಲ್ಲಿ. ವಿಕ್ಟೋರಿಯಾ ರಾಣಿಯ ಮುಖ ಇದ್ದ ಬೆಳ್ಳಿ ರೂಪಾಯಿಯನ್ನು ಕೊರಳಿಗೆ ಕಟ್ಟಿಕೊಂಡವರೂ ಇದ್ದರು.

ಕಷ್ಟ ಬಂದಾಗ ಆ ರೊಕ್ಕ ಸಾಲುತ್ತಿರಲಿಲ್ಲ. ಸಾಹುಕಾರನ ಮನೆಗೆ ಹೋಗಬೇಕಿತ್ತು. ಅವನು ಬರೆದದ್ದೇ ಲೆಕ್ಕ. ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಬಡ್ಡಿ ಬೆಳೆದು ಹೊಲವೇ ಕೈಬಿಡುತ್ತಿತ್ತು.

ಇದಕ್ಕೆ ದಾರಿ ಹುಡುಕಿದವರು ನಮ್ಮ ನಾಡಿನಲ್ಲೇ ಇದ್ದರು. ಗದಗ ಹತ್ತಿರ ಕಣಗಿನಹಾಳ ಅಂತ ಊರು ಐತಿ. 1905ರಲ್ಲಿ ಅಲ್ಲಿಯ ರೈತರು ಸಾಲದ ಸಹಕಾರ ಸಂಘ ಕಟ್ಟಿದರು. ಸಿದ್ದನಗೌಡ ಪಾಟೀಲರು ಮುಂದೆ ನಿಂತರು.

ಮರುವರ್ಷ, 1906ರಲ್ಲಿ, ಉಡುಪಿಯಲ್ಲಿ ಒಂದು ಬ್ಯಾಂಕು ಹುಟ್ಟಿತು. ಆಗ ಉಡುಪಿ ಸಣ್ಣ ಊರು. ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಹಿರಿಯರನ್ನು ಕೂಡಿಸಿ ಬ್ಯಾಂಕು ತೆರೆದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಕೂಡಿದ ಹಣ ಎಷ್ಟು ಗೊತ್ತೇನು? 38 ರೂಪಾಯಿ, 13 ಆಣೆ, 2 ಪೈ. ಆಗ 12 ಪೈಗೆ ಒಂದು ಆಣೆ. 16 ಆಣೆಗೆ ಒಂದು ರೂಪಾಯಿ.

ಬ್ಯಾಂಕು ಹೇಗೆ ನಡೆಯುತ್ತದೆ? ಒಬ್ಬಳು ಉಳಿಸಿದ ಹಣ ಇಡುತ್ತಾಳೆ. ಬ್ಯಾಂಕು ಅದನ್ನು ಬೇರೊಬ್ಬಳಿಗೆ ಸಾಲ ಕೊಡುತ್ತದೆ. ಸಾಲ ಪಡೆದವಳು ಬಡ್ಡಿ ಕಟ್ಟುತ್ತಾಳೆ. ಅದರಲ್ಲಿ ಒಂದು ಪಾಲು ಹಣ ಇಟ್ಟವಳಿಗೆ ಸಿಗುತ್ತದೆ. ಎಲ್ಲವೂ ಬರಹದಲ್ಲಿ ಇರುತ್ತದೆ.

ಆ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1980ರಲ್ಲಿ ಸರ್ಕಾರದ ಬ್ಯಾಂಕಾಯಿತು. 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕೂಡಿಹೋಯಿತು. ಹೆಸರು ಹೋಯಿತು, ಗುರುತು ಹೋಗಲಿಲ್ಲ. ಸಾಹೇಬರ ಹಳೆಯ ಮನೆಯನ್ನು ಬ್ಯಾಂಕಿನವರು ಕೆಡವಲಿಲ್ಲ. ಅಲ್ಲಿ ಹಳೆಯ ನಾಣ್ಯಗಳ ಸಂಗ್ರಹಾಲಯ ಮಾಡಿದರು. ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರೂ ಅದೇ ಸಾಹೇಬರು.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಅಕ್ಕತಂಗಿಯರೇ, ಪಗಾರ ಬಂದ ದಿನ ಪಾಸ್‌ಬುಕ್ ತೆಗೆಯಿರಿ. ಎಷ್ಟು ಜಮಾ ಆಯಿತು? ಎಷ್ಟು ತೆಗೆದಿರಿ? ಎಷ್ಟು ಉಳಿಯಿತು? ಮತ್ತೊಬ್ಬರನ್ನು ಕೇಳಬೇಡಿ, ನೀವೇ ಓದಿ. ಹೆಬ್ಬೆಟ್ಟು ಬೇಡ, ಸಹಿ ಮಾಡಿ. ಖಾಲಿ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ಎಟಿಎಂ ಕಾರ್ಡಿನ ಗುಟ್ಟಿನ ಅಂಕಿಯನ್ನು ಯಾರಿಗೂ ಹೇಳಬೇಡಿ. ಫೋನಿನಲ್ಲಿ ಬ್ಯಾಂಕಿನವರು ಅಂತ ಹೇಳಿಕೊಂಡು ಕೇಳಿದರೂ ಹೇಳಬೇಡಿ.

ಉಡುಪಿಯವರು ಅಂದು 2 ಪೈಯನ್ನೂ ಬಿಡದೆ ಬರೆದಿಟ್ಟರು. ನಿಮ್ಮ ಒಂದು ರೂಪಾಯಿಯ ಲೆಕ್ಕವನ್ನೂ ನೀವು ಬಿಡಬೇಡಿ.