ಮಕ್ಕಳ ಮಿದುಳನ್ನು ಕಾಯುವ ಹೊತ್ತು

ಮಗುವಿಗೆ ಜ್ವರ ಬರುವುದು ಯಾವ ಮನೆಗೂ ಹೊಸತಲ್ಲ. ಬಹುತೇಕ ಜ್ವರಗಳು ಎರಡು ಮೂರು ದಿನಗಳಲ್ಲಿ ಇಳಿಯುತ್ತವೆ. ಆದರೆ ಅಪರೂಪಕ್ಕೊಮ್ಮೆ ಸೋಂಕು ಮಿದುಳಿಗೇ ತಗಲುತ್ತದೆ. ಆಗ ಮನೆಯವರು ಕಳೆಯುವ ಪ್ರತಿಯೊಂದು ಗಂಟೆಯೂ ಆ ಮಗುವಿನ ಮುಂದಿನ ಬದುಕನ್ನು ನಿರ್ಧರಿಸಬಲ್ಲದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಭಾಗದ ಭಕ್ತಾದಿಗಳು ಈ ವಿಷಯವನ್ನು ತಿಳಿದಿರುವುದು ಅಗತ್ಯವೆಂದು ಭಾವಿಸಿ ಈ ವಿವರಗಳನ್ನು ಮುಂದಿಡುತ್ತಿದ್ದೇವೆ.

ಮಿದುಳನ್ನು ಸುತ್ತುವರಿದ ಪೊರೆಗೆ ಸೋಂಕು ತಗಲಿದರೆ ಅದು ಮೆನಿಂಜೈಟಿಸ್. ಮಿದುಳಿಗೇ ಉರಿಯೂತವಾದರೆ ಎನ್ಸೆಫಲೈಟಿಸ್. ಎರಡನ್ನೂ ನಾವು ಮಿದುಳು ಜ್ವರವೆಂದೇ ಕರೆಯುತ್ತೇವೆ. ತಲೆಬುರುಡೆ ಗಟ್ಟಿಯಾದ ಗೂಡು. ಒಳಗೆ ಊತವುಂಟಾದರೆ ಹಿಗ್ಗಲು ಅಲ್ಲಿ ಸ್ಥಳವಿರುವುದಿಲ್ಲ. ಒತ್ತಡ ಏರಿದಂತೆ ರಕ್ತದ ಹರಿವು ಕುಗ್ಗಿ, ನರಕೋಶಗಳು ಸಾಯತೊಡಗುತ್ತವೆ. ತಲೆಗೆ ಬಲವಾದ ಪೆಟ್ಟು ಬಿದ್ದಾಗಲೂ ಇದೇ ಸಂಭವಿಸಬಹುದು. ಚರ್ಮದ ಗಾಯ ಮಾಯುವಂತೆ ಮಿದುಳಿನ ಗಾಯ ಮಾಯುವುದಿಲ್ಲ.

ಈ ಕುರಿತು ನಮ್ಮ ರಾಜ್ಯದಲ್ಲಿಯೇ ಮಹತ್ವದ ಸಂಶೋಧನೆಗಳು ನಡೆದಿವೆ. ಬಳ್ಳಾರಿಯ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು, ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ತಜ್ಞರು ಕೂಡಿ, ಮಿದುಳಿನ ವೈರಾಣು ಸೋಂಕಿನ ಶಂಕೆಯಿದ್ದ 58 ಮಕ್ಕಳನ್ನು ಪರೀಕ್ಷಿಸಿದರು. ಅವರಲ್ಲಿ 8 ಮಕ್ಕಳಲ್ಲಿ ಚಿಕೂನ್‌ಗುನ್ಯ ವೈರಾಣು ಪತ್ತೆಯಾಯಿತು. ಕೀಲುನೋವಿನ ಕಾಯಿಲೆಯೆಂದಷ್ಟೇ ನಾವು ತಿಳಿದಿದ್ದ ಈ ಸೋಂಕು ಮಕ್ಕಳ ಮಿದುಳನ್ನೂ ಬಾಧಿಸಬಲ್ಲದೆಂಬುದನ್ನು 2009ರಲ್ಲಿ ಪ್ರಕಟವಾದ ಆ ಅಧ್ಯಯನ ಎತ್ತಿ ತೋರಿಸಿತು. ಮಿದುಳು ಜ್ವರಕ್ಕೆ ಕಾರಣ ಒಂದೇ ಅಲ್ಲ ಎಂಬುದು ಇದರ ಸಾರ. ಆದುದರಿಂದ ರೋಗದ ಹೆಸರು ತಿಳಿಯುವವರೆಗೆ ಮನೆಯಲ್ಲಿ ಕಾಯುವುದು ಸಲ್ಲದು. ಲಕ್ಷಣ ಕಂಡೊಡನೆ ಚಿಕಿತ್ಸೆ ಆರಂಭವಾಗಬೇಕು.

ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಹಾನಿಯಾಗುವ ಶಿಶುಗಳ ವಿಷಯದಲ್ಲಿಯೂ ಒಂದು ಪಾಠವಿದೆ. ಅಂತಹ ಶಿಶುವಿನ ದೇಹವನ್ನು ತಂಪುಗೊಳಿಸುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಬಳಕೆಯಲ್ಲಿದೆ. ಬೆಂಗಳೂರಿನ ಆಸ್ಪತ್ರೆಗಳೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ 408 ಶಿಶುಗಳನ್ನು ಒಳಗೊಂಡು ನಡೆದ ಹೀಲಿಕ್ಸ್ ಅಧ್ಯಯನವು, ಇಲ್ಲಿ ಆ ಚಿಕಿತ್ಸೆಯಿಂದ ಪ್ರಯೋಜನವಾಗದೆ ಮರಣಗಳೇ ಹೆಚ್ಚಿದವೆಂದು 2021ರಲ್ಲಿ ವರದಿ ಮಾಡಿತು. ಹಾನಿಯಾದ ಮೇಲೆ ಸರಿಪಡಿಸುವ ದಾರಿ ಇಷ್ಟು ಕಿರಿದಾದುದರಿಂದ, ಗರ್ಭಿಣಿಯ ನಿಯಮಿತ ತಪಾಸಣೆ ಮತ್ತು ಆಸ್ಪತ್ರೆಯಲ್ಲಿನ ಹೆರಿಗೆಯೇ ಶಿಶುವಿನ ಮಿದುಳಿಗೆ ಮೊದಲ ರಕ್ಷಣೆ.

ಈಗ ನಮ್ಮ ತಾಲ್ಲೂಕುಗಳ ಸ್ಥಿತಿಯನ್ನು ನೋಡೋಣ. ಹುಣಸೂರು, ಕೆ.ಆರ್. ನಗರಗಳಿಂದ ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು ಒಂದು ಗಂಟೆಯ ದಾರಿ. ಪಿರಿಯಾಪಟ್ಟಣದ ಗಡಿಯ ಊರುಗಳಿಂದ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಂದ ಇನ್ನೂ ಹೆಚ್ಚು. ದಾರಿಯ ಸಮಯವನ್ನು ನಾವು ಕಡಿಮೆ ಮಾಡಲಾರೆವು. ಮನೆಯಲ್ಲಿ ವ್ಯರ್ಥವಾಗುವ ಸಮಯವನ್ನು ಉಳಿಸಬಲ್ಲೆವು.

ಜ್ವರದೊಡನೆ ಮಗು ಮಂಕಾಗುವುದು, ಎಬ್ಬಿಸಿದರೂ ಏಳದಿರುವುದು, ಅಸಂಬದ್ಧವಾಗಿ ಮಾತನಾಡುವುದು, ಕುತ್ತಿಗೆ ಬಿಗಿಯುವುದು, ಪದೇ ಪದೇ ವಾಂತಿ, ಫಿಟ್ಸ್ ಇವು ಅಪಾಯದ ಚಿಹ್ನೆಗಳು. ಹಸುಗೂಸು ಹಾಲು ಕುಡಿಯದಿದ್ದರೆ ಅಥವಾ ನೆತ್ತಿ ಉಬ್ಬಿದ್ದರೆ ತಡಮಾಡಬಾರದು. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ತೂಕಡಿಸಿದರೆ, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಸುರಿದರೆ ಅದೂ ತುರ್ತು ಸ್ಥಿತಿಯೇ.

ಫಿಟ್ಸ್ ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚ, ನೀರು, ಔಷಧ ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬರೆ ಹಾಕುವುದು ಇವುಗಳಿಂದ ಉಪಯೋಗವಿಲ್ಲ. ಬರೆಯಿಂದಂತೂ ಹೊಸ ಗಾಯವೇ ಆಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿರಿ. ತಾಯತ ಕಟ್ಟಿಸಲೆಂದೋ ಆಶೀರ್ವಾದ ಪಡೆಯಲೆಂದೋ ಮೊದಲು ಮಠಕ್ಕೆ, ಗುಡಿಗೆ ಬರುವುದು ಬೇಡ. ಮೊದಲು ಆಸ್ಪತ್ರೆಗೆ ಹೋಗಿರಿ; ಪ್ರಾರ್ಥನೆಯನ್ನು ದಾರಿಯಲ್ಲಿಯೂ ಸಲ್ಲಿಸಬಹುದು.

ತಡೆಗಟ್ಟುವ ಮಾರ್ಗಗಳೂ ನಮ್ಮ ಕೈಯಲ್ಲಿವೆ. ಬಿಸಿಜಿ ಲಸಿಕೆ ಕ್ಷಯದ ಮಿದುಳು ಜ್ವರದಿಂದ, ಪೆಂಟಾವೇಲೆಂಟ್ ಮತ್ತು ನ್ಯುಮೋಕಾಕಲ್ ಲಸಿಕೆಗಳು ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ನಿಂದ ಮಕ್ಕಳನ್ನು ಕಾಯುತ್ತವೆ. ದಡಾರವೂ ಮಿದುಳಿಗೆ ಹಾನಿ ಮಾಡಬಲ್ಲದಾದುದರಿಂದ ಅದರ ಲಸಿಕೆಯನ್ನು ಬಿಡಬಾರದು. ತಾಯಿ ಕಾರ್ಡನ್ನು ಆಶಾ ಕಾರ್ಯಕರ್ತೆಗೆ ತೋರಿಸಿ, ಬಿಟ್ಟುಹೋದ ಲಸಿಕೆಗಳನ್ನು ಕೇಳಿ ಹಾಕಿಸಿರಿ. ಜಪಾನೀಸ್ ಎನ್ಸೆಫಲೈಟಿಸ್ ಹರಡುವ ಸೊಳ್ಳೆ ನೀರು ನಿಂತ ಭತ್ತದ ಗದ್ದೆಗಳಲ್ಲಿ ಬೆಳೆಯುತ್ತದೆ. ಚಿಕೂನ್‌ಗುನ್ಯದ ಸೊಳ್ಳೆ ಮನೆಯ ತೊಟ್ಟಿ, ಡ್ರಮ್ಮುಗಳಲ್ಲಿ. ಆದ್ದರಿಂದ ಮಕ್ಕಳಿಗೆ ಸೊಳ್ಳೆಪರದೆಯೂ ಬೇಕು, ನೀರಿನ ಪಾತ್ರೆಗಳಿಗೆ ಮುಚ್ಚಳವೂ ಬೇಕು. ಜಾತ್ರೆಗೆ, ಶಾಲೆಗೆ ಬೈಕಿನಲ್ಲಿ ಕರೆದೊಯ್ಯುವಾಗ ಮಕ್ಕಳಿಗೂ ಹೆಲ್ಮೆಟ್ ಹಾಕಿಸಿರಿ.

ಮಗು ಬದುಕಿ ಮನೆಗೆ ಬಂದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಬಳ್ಳಾರಿಯಲ್ಲಿಯೂ ಮಲೇಷ್ಯಾದಲ್ಲಿಯೂ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಲಿವರ್‌ಪೂಲ್ ಮಾಪನವು ಸರಳ ಪ್ರಶ್ನೆಗಳಿಂದಲೇ ಉಳಿದ ತೊಂದರೆಯನ್ನು ಗುರುತಿಸುತ್ತದೆ. ಮಗು ಮೊದಲಿನಂತೆ ಮಾತನಾಡುತ್ತದೆಯೇ? ತಾನೇ ಉಣ್ಣುತ್ತದೆಯೇ? ನಡೆಯುತ್ತದೆಯೇ? ಶಾಲೆಯಲ್ಲಿ ಹಿಂದಿನಂತಿದೆಯೇ? ಇಂತಹ ಪ್ರಶ್ನೆಗಳನ್ನು ತಂದೆತಾಯಿಗಳೂ ಕೇಳಿಕೊಳ್ಳಬೇಕು. ಮೆನಿಂಜೈಟಿಸ್ ನಂತರ ಕೆಲವು ಮಕ್ಕಳಿಗೆ ಕಿವಿ ಕೇಳಿಸದಾಗುತ್ತದೆ. ಒಳಕಿವಿ ಗಟ್ಟಿಯಾಗಿಬಿಟ್ಟರೆ ಮುಂದಿನ ಶಸ್ತ್ರಚಿಕಿತ್ಸೆ ಕಷ್ಟವಾಗುವುದರಿಂದ, ಮನೆಗೆ ಮರಳಿದ ಕೆಲವೇ ವಾರಗಳಲ್ಲಿ ಶ್ರವಣ ಪರೀಕ್ಷೆ ಮಾಡಿಸಬೇಕು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಪಾಠ ಗ್ರಹಿಸದ, ಕರೆದರೆ ಓಗೊಡದ ಮಗುವನ್ನು ದಡ್ಡನೆಂದು, ಹಟಮಾರಿಯೆಂದು ಗದರಿಸುವ ಮೊದಲು ಅಲ್ಲಿಗೊಮ್ಮೆ ಕರೆದೊಯ್ಯೋಣ.